ಹಾಸಿಗೆ ಹಿಡಿದವರ ಮನೆಗೂ ಬನ್ನಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ನಮಸ್ಕಾರ. ನಾನು ಬಯಲುಸೀಮೆಯ ಒಂದು ಹಳ್ಳಿಯಲ್ಲಿ 17 ವರ್ಷದಿಂದ ಅಂಗನವಾಡಿ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದೇನೆ. ಈ ಪತ್ರ ನನ್ನ ಕೆಲಸದ ಬಗ್ಗೆ ಅಲ್ಲ. ನಮ್ಮ ಅತ್ತೆಯ ಬೆನ್ನಿನ ಕೆಳಗೆ ಆದ ಒಂದು ಹುಣ್ಣಿನ ಬಗ್ಗೆ. ಹಾಸಿಗೆ ಹುಣ್ಣು ಅಂತೀವಲ್ಲ, ಆಸ್ಪತ್ರೆಯಲ್ಲಿ ಬೆಡ್‌ಸೋರ್ ಅನ್ನುತ್ತಾರಲ್ಲ, ಅದು. ಆದರೂ ನನ್ನ ಕೆಲಸದಿಂದಲೇ ಮಾತು ಶುರು ಮಾಡಬೇಕು. ಯಾಕೆಂದರೆ ನಾನು ಕೇಳಬೇಕಾಗಿರುವುದು ಅಲ್ಲೇ ಇದೆ.

ನಮ್ಮ ಊರಲ್ಲಿ ಒಬ್ಬ ಹೆಣ್ಣುಮಗಳು ಬಸುರಿ ಅಂತ ಗೊತ್ತಾದ ಕೂಡಲೇ ತಾಯಿ ಕಾರ್ಡ್ ಸಿಗುತ್ತದೆ. ತೂಕ, ಬಿಪಿ, ಇಂಜೆಕ್ಷನ್ ಎಲ್ಲ ಅದರಲ್ಲಿ ಬರೆದಿರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮಗು ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕು. ಒಟ್ಟು 6 ಸಲ. ಮಗು ಬೆಚ್ಚಗಿದೆಯಾ, ಹಾಲು ಕುಡಿಯುತ್ತಿದೆಯಾ, ಹೊಕ್ಕುಳು ಒಣಗಿದೆಯಾ, ಎಲ್ಲ ಕೇಳುತ್ತಾರೆ. ಮಗುವಿನ ಬಟ್ಟೆ ತೆಗೆದು ಮೈ ನೋಡುತ್ತಾರೆ. ಇದರಿಂದ ಎಷ್ಟು ಮಕ್ಕಳು ಉಳಿದಿದ್ದಾರೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಈ ವ್ಯವಸ್ಥೆಯ ಮೇಲೆ ನನಗೆ ಹೆಮ್ಮೆ ಇದೆ.

ಅದೇ ಊರಲ್ಲಿ, ಅದೇ ಬೀದಿಯಲ್ಲಿ, ಲಕ್ವ ಹೊಡೆದವರೊಬ್ಬರು ಆಸ್ಪತ್ರೆಯಿಂದ ಮನೆಗೆ ಬಂದರೆ ನೋಡಲು ಯಾರೂ ಬರುವುದಿಲ್ಲ. 3ನೇ ದಿನವೂ ಇಲ್ಲ, 42ನೇ ದಿನವೂ ಇಲ್ಲ.

ಮೂರು ವರ್ಷದ ಹಿಂದಿನ ಮಾತು. ಅತ್ತೆಗೆ ಆಗ 66 ವರ್ಷ. ಬಿಪಿ ಮಾತ್ರೆಯನ್ನು ನೆನಪಾದಾಗ ತಗೊಳ್ಳುತ್ತಿದ್ದರು. ಒಂದು ಸಂಜೆ ಜಗಲಿ ಮೇಲೆ ಕಡಲೆಕಾಯಿ ಬಿಡಿಸುತ್ತಾ ಕೂತವರು ಹಾಗೇ ಬಲಕ್ಕೆ ವಾಲಿದರು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. 11 ದಿನ ಆಸ್ಪತ್ರೆಯಲ್ಲಿ ಇದ್ದೆವು. ಡಾಕ್ಟರು ಜೀವ ಉಳಿಸಿಕೊಟ್ಟರು. ಅದಕ್ಕೆ ಇವತ್ತೂ ಕೈ ಮುಗಿಯುತ್ತೇನೆ. ಆ ಆಸ್ಪತ್ರೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದು ಆಸ್ಪತ್ರೆಯ ಮೇಲೆ ದೂರು ಕೊಡಲು ಈ ಪತ್ರ ಬರೆಯುತ್ತಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇಬ್ಬರೇ ನರ್ಸ್ ಇದ್ದರು. ಅವರು ಒಂದು ಕಡೆ ಕೂತಿದ್ದನ್ನು ನಾನು ನೋಡಲೇ ಇಲ್ಲ.

ಡಿಸ್ಚಾರ್ಜ್ ದಿನ ಒಂದು ಚೀಟಿ ಕೊಟ್ಟರು. ಮಾತ್ರೆಗಳ ಹೆಸರು, ಎಷ್ಟು ಹೊತ್ತಿಗೆ, ಮತ್ತೆ ಯಾವಾಗ ಬರಬೇಕು, ಎಲ್ಲ ಇತ್ತು. ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಎರಡು ಪದ: ಬ್ಯಾಕ್ ಕೇರ್. ನಾನು ಏನು ಮೇಡಂ ಇದು ಅಂತ ಕೇಳಿದೆ. 'ಬೆನ್ನು ನೋಡ್ಕೊಳ್ಳಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ' ಅಂದರು. ಆಗಲೇ ಇನ್ನೊಬ್ಬ ಪೇಶೆಂಟ್ ಸ್ಟ್ರೆಚರ್ ಮೇಲೆ ಒಳಗೆ ಬರುತ್ತಿದ್ದರು. ಅಷ್ಟಕ್ಕೇ ಪಾಠ ಮುಗಿಯಿತು.

ಮಗ್ಗುಲು ಬದಲಾಯಿಸುವುದು ಅಂದರೆ ಹೇಗೆ? ಒಂದು ಕಡೆ ಮೈ ಸ್ವಾಧೀನ ಇಲ್ಲದವರನ್ನು ಹೇಗೆ ಹಿಡಿಯಬೇಕು? ಎಷ್ಟು ಹೊರಳಿಸಬೇಕು? ದಿಂಬು ಎಲ್ಲಿಡಬೇಕು? ಮನೆಯಲ್ಲಿ ಇದ್ದದ್ದು ಪಟ್ಟಿ ಹೆಣೆದ ಮಂಚ, ನಡುವೆ ಜೋತು ಬಿದ್ದದ್ದು. ಅದರ ಮೇಲೆ ಎರಡು ಕಂಬಳಿ. ನಾವು ಅತ್ತೆಯನ್ನು ಅಂಗಾತ ಮಲಗಿಸಿದೆವು. ಊಟಕ್ಕೆ ಎತ್ತಿ ದಿಂಬಿಗೆ ಒರಗಿಸುತ್ತಿದ್ದೆವು. ಅವರು ನಿಧಾನವಾಗಿ ಕೆಳಕ್ಕೆ ಜಾರುತ್ತಿದ್ದರು. ನಾವು ಕಂಕುಳಿಗೆ ಕೈ ಹಾಕಿ ಮತ್ತೆ ಮೇಲಕ್ಕೆ ಎಳೆಯುತ್ತಿದ್ದೆವು. ಬೆನ್ನಿಗೆ ದಿನಾ ಪೌಡರ್ ಹಾಕುತ್ತಿದ್ದೆ. ನನಗೆ ತಿಳಿದ ಬ್ಯಾಕ್ ಕೇರ್ ಅಷ್ಟೇ.

ಮನೆಗೆ ಬಂದ ನಾಲ್ಕನೇ ದಿನ ಬಟ್ಟೆ ಬದಲಾಯಿಸುವಾಗ ಬಾಲದ ಮೂಳೆಯ ಹತ್ತಿರ ಒಂದು ಕಲೆ ಕಂಡಿತು. ಒಂದು ರೂಪಾಯಿ ನಾಣ್ಯದಷ್ಟು. ನೇರಳೆ ಹಣ್ಣಿನ ಬಣ್ಣ. ಚರ್ಮ ಕಿತ್ತಿರಲಿಲ್ಲ. ಅತ್ತೆ ಕಪ್ಪಗಿದ್ದರು, ಹಾಗಾಗಿ ಎಷ್ಟು ದಿನದಿಂದ ಅದು ಅಲ್ಲಿತ್ತೋ ಯಾರಿಗೂ ಗೊತ್ತಾಗಿರಲಿಲ್ಲ. ಇದು ಆಸ್ಪತ್ರೆಯಲ್ಲೇ ಶುರುವಾಗಿತ್ತಾ, ನಮ್ಮ ಮನೆಯಲ್ಲಿ ಆಯ್ತಾ, ಈಗಲೂ ನನಗೆ ಹೇಳಲು ಆಗುವುದಿಲ್ಲ. ಬರುವಾಗ ಬೆನ್ನು ಹೇಗಿತ್ತು ಅಂತ ಚೀಟಿಯಲ್ಲಿ ಯಾರೂ ಬರೆದಿರಲಿಲ್ಲ.

ಆಮೇಲೆ ನಾನು ಮಾಡಿದ್ದೆಲ್ಲ ತಪ್ಪು. ಆ ಕಲೆಯನ್ನು ಸ್ಪಿರಿಟ್ ಹಚ್ಚಿ ತಿಕ್ಕಿದೆ, ರಕ್ತ ಓಡಲಿ ಅಂತ. ಮೆಡಿಕಲ್ ಶಾಪಿನವರು ಗಾಳಿ ತುಂಬುವ ರಬ್ಬರ್ ರಿಂಗ್ ಕೊಟ್ಟರು, ಅದರ ಮೇಲೆ ಮಲಗಿಸಿದೆ. ಯಾರೋ ಬಾಳೆ ಎಲೆ ಹಾಸಿ ಅಂದರು, ಹಾಸಿದೆ. ಯಾರೋ ರಾಗಿ ತುಂಬಿದ ಚೀಲದ ಮೇಲೆ ಮಲಗಿಸಿ ಅಂದರು, ಅದೂ ಆಯ್ತು. ಚರ್ಮ ಒಡೆದ ಮೇಲೆ ಡೆಟಾಲ್ ಹಾಕಿ ತೊಳೆದೆ. ಗಾಯ ಒಣಗಲಿ ಅಂತ ಪಕ್ಕದಲ್ಲಿ 60 ವ್ಯಾಟಿನ ಬಲ್ಬ್ ಉರಿಸಿ ಇಟ್ಟೆ. ಹೆಚ್ಚು ನೋವು ಕೊಡುವ ಮಾತು ಇನ್ನೊಂದಿದೆ. ಮನೆಗೆ ಬಂದವರೆಲ್ಲ ಬೇಳೆ, ಮೊಟ್ಟೆ, ಮೀನು ಎಲ್ಲ ನಂಜು, ಗಾಯ ಇರುವವರಿಗೆ ಕೊಡಲೇಬಾರದು ಅಂದರು. ನಾನು ಒಂದು ತಿಂಗಳು ಅತ್ತೆಗೆ ಬರೀ ಗಂಜಿ ಕೊಟ್ಟೆ. ಅಂಗನವಾಡಿಗೆ ಹೋಗಿ ಬಸುರಿಯರಿಗೆ ಮೊಟ್ಟೆ ತಿನ್ನಿ, ಮೈ ಕಟ್ಟುತ್ತದೆ ಎಂದು ಹೇಳುತ್ತಿದ್ದವಳು ನಾನೇ. ಮೈ ಕಟ್ಟಿಕೊಳ್ಳಬೇಕಾದ ಇನ್ನೊಬ್ಬರು ನಮ್ಮ ಮನೆಯಲ್ಲೇ ಮಲಗಿದ್ದಾರೆ ಅಂತ ನನಗೆ ಹೊಳೆಯಲಿಲ್ಲ.

ಮೂರು ವಾರದಲ್ಲಿ ಅದು ಅಂಗೈ ಅಗಲದ ಗುಂಡಿಯಾಯಿತು. ವಾಸನೆಗೆ ಮಕ್ಕಳು ಆ ಕೋಣೆಗೆ ಹೋಗುವುದು ಬಿಟ್ಟರು. ಅತ್ತೆಗೆ ಜ್ವರ ಬಂತು, ಮಂಪರು ಹಿಡಿಯಿತು. ಮತ್ತೆ ಆಸ್ಪತ್ರೆ. ಕೊಳೆತ ಭಾಗ ಕತ್ತರಿಸಿ ತೆಗೆದರು. ಮಾತು ಬಾರದ ಅತ್ತೆ ಎಡಗೈಯಲ್ಲಿ ನನ್ನ ಮುಂಗೈ ಹಿಡಿದದ್ದು, ಆ ಹಿಡಿತ, ನಾನು ಮರೆಯುವುದಿಲ್ಲ.

ನಮಗೆ ದಾರಿ ತೋರಿಸಿದ್ದು ಅತ್ತೆಯ ತವರಿನ ಕಡೆಯ ಒಬ್ಬ ಹೆಣ್ಣುಮಗಳು. ಬೇರೆ ಊರಲ್ಲಿ ನರ್ಸ್, ಹಬ್ಬಕ್ಕೆ ರಜೆ ಹಾಕಿ ಬಂದಿದ್ದರು. ಮನೆಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಮ್ಮೆದುರಿಗೇ ಎಲ್ಲ ಮಾಡಿ ತೋರಿಸಿದರು. ಆಮೇಲೆ ನಮ್ಮ ಕೈಯಲ್ಲಿ ಮಾಡಿಸಿದರು. 40 ನಿಮಿಷ ಆಗಿರಬಹುದು. ಆ 40 ನಿಮಿಷದಲ್ಲಿ ಕಲಿತದ್ದನ್ನು ನಾನಿಲ್ಲಿ ಬರೆಯುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ. ಈ ಪತ್ರ ಓದುವ ಬೇರೆ ಮನೆಯವರಿಗೂ ಉಪಯೋಗ ಆದೀತು.

ಅವರು ಮೊದಲು ಹೇಳಿದ್ದು ಕಾರಣ. ಆರೋಗ್ಯವಾಗಿರುವ ನಾವು ನಿದ್ದೆಯಲ್ಲೂ ನಮಗೆ ಗೊತ್ತಿಲ್ಲದೆ ಹೊರಳುತ್ತಲೇ ಇರುತ್ತೇವೆ. ಹೊರಳಲು ಆಗದವರಲ್ಲಿ ಚರ್ಮ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಬೀಳುತ್ತದೆ. ಅಲ್ಲಿ ರಕ್ತ ಓಡುವುದು ನಿಲ್ಲುತ್ತದೆ. ಎಷ್ಟೋ ಸಲ ಮೂಳೆಯ ಹತ್ತಿರ ಒಳಗೇ ಮಾಂಸ ಸತ್ತಿರುತ್ತದೆ, ಚರ್ಮದ ಮೇಲೆ ಕಾಣುವುದು ಕೊನೆಗೆ. ಅದಕ್ಕೇ ಮೇಲೆ ನಾಣ್ಯದಷ್ಟು ಕಂಡದ್ದು ಒಳಗೆ ಅಂಗೈಯಷ್ಟು ಇರುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಬೇಕು. ಬಿಳಿಚಿ ಮತ್ತೆ ಕೆಂಪಾದರೆ ಇನ್ನೂ ರಕ್ತ ಓಡುತ್ತಿದೆ ಅಂತ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ. ನಮ್ಮಂಥ ಕಪ್ಪು ಮೈಯವರಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಆಗ ಕೈಯಿಂದ ಮುಟ್ಟಿ ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ತಣ್ಣಗಿದೆಯಾ, ಗಟ್ಟಿ ಆಗಿದೆಯಾ, ಮೆತ್ತಗಾಗಿದೆಯಾ. ದಿನಾ ಬೆಳಿಗ್ಗೆ ಮೈ ಒರೆಸುವಾಗ ಬಾಲದ ಮೂಳೆ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಕಾಲಿನ ಗಂಟು, ಮೊಣಕೈ, ಭುಜದ ಹಿಂದೆ, ತಲೆಯ ಹಿಂದೆ, ಕಿವಿ, ಇಷ್ಟನ್ನೂ ನೋಡಲೇಬೇಕು. ಮೂತ್ರದ ಪೈಪ್ ಅಥವಾ ಮೂಗಿನ ಪೈಪ್ ಇದ್ದರೆ ಅದು ಒತ್ತುವ ಜಾಗವನ್ನೂ ನೋಡಬೇಕು.

ಮಗ್ಗುಲು ಅಂದರೆ ಪೂರ್ತಿ ಪಕ್ಕಕ್ಕೆ ಮಲಗಿಸುವುದು ಅಲ್ಲ ಅಂತ ಅವತ್ತೇ ನನಗೆ ಗೊತ್ತಾಯಿತು. ಪೂರ್ತಿ ಹೊರಳಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆ ಮೇಲೆ ಬಿದ್ದು ಅಲ್ಲಿ ಹುಣ್ಣಾಗುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸ್ವಲ್ಪ ವಾಲಿಸಿದರೆ ಸಾಕು, 30 ಡಿಗ್ರಿ. ಎರಡು ಮಂಡಿಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿ ಇರುವ ಹಾಗೆ. ಎಳೆಯಬಾರದು. ಸೊಂಟದ ಕೆಳಗೆ ಒಂದು ದುಪ್ಪಟಿ ಮಡಿಸಿ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಬೇಕು. ಊಟಕ್ಕೆ ತಲೆ ಕಡೆ ಎತ್ತುವ ಮೊದಲು ಮಂಡಿ ಕೆಳಗೆ ದಿಂಬು ಕೊಟ್ಟರೆ ಕೆಳಗೆ ಜಾರುವುದಿಲ್ಲ. ಲಕ್ವ ಹೊಡೆದವರಿಗೆ ಮಲಗಿಸಿ ತಿನ್ನಿಸಿದರೆ ನೆತ್ತಿಗೆ ಹತ್ತುತ್ತದೆ, ಆದ್ದರಿಂದ ಕೂರಿಸಲೇಬೇಕು. ತಿಂದು ಅರ್ಧ ಗಂಟೆ ಬಿಟ್ಟು ಇಳಿಸಬೇಕು, ಇಡೀ ದಿನ ಹಾಗೇ ಒರಗಿಸಿ ಬಿಡಬಾರದು.

ಕೆಂಪಾದ ಜಾಗ ತಿಕ್ಕಲೇಬಾರದಂತೆ. ಒಳಗೆ ಆಗಲೇ ನಲುಗಿರುವುದು ಇನ್ನೂ ಹರಿಯುತ್ತದೆ. ರಬ್ಬರ್ ರಿಂಗ್ ನೋಡಿದವರೇ ತೆಗೆದು ಆಚೆ ಎಸೆದರು. ಅದು ಸುತ್ತ ಒತ್ತಿ ನಡುವೆ ರಕ್ತ ಬರದ ಹಾಗೆ ಮಾಡುತ್ತದಂತೆ. ಡೈಪರ್ ಒದ್ದೆ ಆದ ತಕ್ಷಣ ಬದಲಾಯಿಸಿ, ತೊಳೆದು, ಮೆತ್ತಗೆ ಒತ್ತಿ ಒರೆಸಿ, ವ್ಯಾಸಲೀನ್ ಅಥವಾ ಜಿಂಕ್ ಕ್ರೀಮ್ ಹಚ್ಚಿ ಅಂದರು. ಗಾಯವನ್ನು ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್‌ನಿಂದ ತೊಳೆದರೆ ಹೊಸದಾಗಿ ಬರುವ ಮಾಂಸವೂ ಸಾಯುತ್ತದೆ. ಸಲೈನ್ ಸಾಕು. ಅದಿಲ್ಲದಿದ್ದರೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು. ಗಾಯ ಒಣಗಬಾರದು, ಹಸಿಯಾಗಿರಬೇಕು ಅಂದಾಗ ನಾವು ನಂಬಲೇ ಇಲ್ಲ. ಸಲೈನಿನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯನ್ನು ಸಡಿಲವಾಗಿ ತುಂಬಿ ಮೇಲೆ ಮುಚ್ಚುವುದನ್ನು ಅವರೇ ಕಲಿಸಿದರು. ಮತ್ತೆ ಊಟ. ಮೊಟ್ಟೆ, ಬೇಳೆ, ಹಾಲು, ಹೆಸರುಕಾಳು ಅರೆದ ಗಂಜಿ. ಅವತ್ತಿನಿಂದ ಅತ್ತೆಗೆ ದಿನಾ ಎರಡು ಮೊಟ್ಟೆ ಕೊಟ್ಟೆ. ಬೈದವರು ಬೈದರು.

ರಾತ್ರಿ 10, 12, 2, 4. ಮೊಬೈಲಿನಲ್ಲಿ ಅಲಾರಂ. ತೋಟಕ್ಕೆ ತ್ರೀ ಫೇಸ್ ಕರೆಂಟ್ ರಾತ್ರಿಯೇ ಬರುತ್ತಿತ್ತು. ನಮ್ಮ ಮನೆಯವರು ಮೋಟರ್ ಹಾಕಲು ಏಳುವ ಹೊತ್ತಿಗೆ ಸರಿಯಾಗಿ ಅವರಮ್ಮನನ್ನು ಹೊರಳಿಸಿ ಹೋಗುತ್ತಿದ್ದರು. ಸಾಲ ಮಾಡಿ ಗಾಳಿ ಹಾಸಿಗೆ ತಂದೆವು, ಪಂಪ್ ಇರುತ್ತದಲ್ಲ, ಸರದಿ ಪ್ರಕಾರ ಉಬ್ಬಿ ಇಳಿಯುವಂಥದ್ದು. ಒಳ್ಳೆಯದು, ಆದರೆ ಕರೆಂಟ್ ಹೋದರೆ ಅದು ಚಪ್ಪಟೆ. ಗಾಳಿ ಹಾಸಿಗೆ ಇದ್ದರೂ ಹೊರಳಿಸುವುದು ತಪ್ಪುವುದಿಲ್ಲ. ಇದನ್ನೂ ಮಾರುವವರು ಹೇಳುವುದಿಲ್ಲ.

ಹುಣ್ಣು ಮುಚ್ಚಲು ಏಳು ತಿಂಗಳು ಬೇಕಾಯಿತು. ಮೊದಲೆರಡು ತಿಂಗಳು ಡ್ರೆಸ್ಸಿಂಗ್‌ಗೆ ಬಂದವರಿಗೆ ಒಂದು ಸಲಕ್ಕೆ 250 ರೂಪಾಯಿ ಕೊಟ್ಟೆವು. ಆಯುಷ್ಮಾನ್ ಕಾರ್ಡ್ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ನಡೆಯುತ್ತದೆ. ಮನೆಯಲ್ಲಿ ಮಲಗಿದವರ ಗಾಜ್, ಡೈಪರ್, ಹಾಸಿಗೆಗೆ ಏನೂ ಇಲ್ಲ. ಅತ್ತೆ ಆಮೇಲೆ ಒಂದೂವರೆ ವರ್ಷ ಬದುಕಿದರು. ಎರಡನೇ ಸಲ ಲಕ್ವ ಹೊಡೆದು ಹೋದರು. ಹೋಗುವಾಗ ಅವರ ಬೆನ್ನು ಸ್ವಚ್ಛವಾಗಿತ್ತು. ಕೊನೆಯ ಸ್ನಾನ ಮಾಡಿಸುವಾಗ ನಾನು ನೋಡಿದೆ.

ಮಾನ್ಯರೇ, ಆ 40 ನಿಮಿಷ ನಮಗೆ ಮೊದಲ ಡಿಸ್ಚಾರ್ಜ್ ದಿನವೇ ಸಿಕ್ಕಿದ್ದರೆ? ನಾನು ದಿನಾ ಕೇಳಿಕೊಳ್ಳುವ ಪ್ರಶ್ನೆ ಇದು. ಅದಕ್ಕೆ ದೊಡ್ಡ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಗೊತ್ತಿರುವವರು ಒಬ್ಬರು, ಎರಡು ದಿಂಬು, ಒಂದು ದುಪ್ಪಟಿ. ಆದರೆ ನಮಗೆ ಅದು ಸಿಕ್ಕಿದ್ದು ನಂಟಸ್ತಿಕೆಯಿಂದ. ನಂಟರಲ್ಲಿ ನರ್ಸ್ ಇಲ್ಲದವರು ಏನು ಮಾಡಬೇಕು?

ಆದ್ದರಿಂದ ಕೇಳುತ್ತಿದ್ದೇನೆ. ಎದ್ದು ಓಡಾಡಲು ಆಗದ ಯಾರನ್ನೇ ಆಗಲಿ ಡಿಸ್ಚಾರ್ಜ್ ಮಾಡುವ ಮೊದಲು, ಮನೆಯವರಲ್ಲಿ ಇಬ್ಬರು ನರ್ಸ್ ಎದುರಿಗೆ ತಾವೇ ಹೊರಳಿಸಿ ತೋರಿಸಬೇಕು ಎಂದು ನಿಯಮ ಮಾಡಿ. ಬಾಯಲ್ಲಿ ಹೇಳಿ ಸಹಿ ಹಾಕಿಸಿಕೊಂಡರೆ ಸಾಲದು. ಇದನ್ನು ಮಾಡಲು ವಾರ್ಡಿನಲ್ಲಿ ಕೈ ಜಾಸ್ತಿ ಬೇಕು, ಇಬ್ಬರು ನರ್ಸ್‌ಗಳ ತಲೆಗೆ ಕಟ್ಟಿದರೆ ಅದು ಕಾಗದದಲ್ಲೇ ಉಳಿಯುತ್ತದೆ. ಡಿಸ್ಚಾರ್ಜ್ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದ ಒಂದು ಪುಟ ಇರಲಿ. ಅದರಲ್ಲಿ ಮೈಯ ಚಿತ್ರ ಇರಲಿ, ಆಸ್ಪತ್ರೆಗೆ ಸೇರಿದ ದಿನ ಮತ್ತು ಬಿಟ್ಟ ದಿನ ಎಲ್ಲೆಲ್ಲಿ ಕಲೆ ಇತ್ತು ಎಂದು ಗುರುತು ಹಾಕಿರಲಿ. ಯಾರ ತಪ್ಪು ಅಂತ ಹುಡುಕಲು ಅಲ್ಲ. ಮನೆಗೆ ಹೋದ ಮೇಲೆ ಎಲ್ಲಿ ನೋಡಬೇಕು ಅಂತ ನಮಗೆ ಗೊತ್ತಾಗಲು. ಯಾವಾಗ ಓಡಿ ಬರಬೇಕು ಎಂಬುದೂ ಅಲ್ಲೇ ಇರಲಿ: ಜ್ವರ, ಕೀವು, ಕೆಟ್ಟ ವಾಸನೆ, ಕಪ್ಪಗಾದ ಚರ್ಮ, ಸುತ್ತ ಹರಡುವ ಊತ, ಮಂಪರು.

ಮನೆ ಭೇಟಿಯ ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಮಗುವಿಗೆ 3, 7, 14ನೇ ದಿನ ಹೋಗುವ ಹಾಗೆ ಹಾಸಿಗೆ ಹಿಡಿದವರ ಮನೆಗೂ ಮೊದಲ ಎರಡು ವಾರದಲ್ಲಿ ಮೂರು ಸಲವಾದರೂ ಬನ್ನಿ. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ, ಅವರಿಗೆ ಈ ಹೊಣೆ ಕೊಡಿ. 2024ರಲ್ಲಿ ಕೋಲಾರದಿಂದ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಶುಗರ್ ನೋಡಲು ಮನೆಗೇ ಬರುತ್ತಾರೆ. ಬಹಳ ಒಳ್ಳೆಯ ಕೆಲಸ. ಅತ್ತೆಯ ಕಾಲಕ್ಕೆ ಅದಿದ್ದಿದ್ದರೆ ಲಕ್ವವೇ ತಪ್ಪುತ್ತಿತ್ತೇನೋ. ಬಂದವರು ಮಂಚದ ಮೇಲೆ ಮಲಗಿದವರ ತೋಳಿಗೆ ಬಿಪಿ ಪಟ್ಟಿ ಕಟ್ಟಿ ಹೋಗುವ ಬದಲು, ಹೊದಿಕೆ ಸರಿಸಿ ಬೆನ್ನು, ಹಿಮ್ಮಡಿ ಒಮ್ಮೆ ನೋಡಲಿ. ಎರಡು ನಿಮಿಷದ ಕೆಲಸ ಅಲ್ವಾ? ಆದರೆ ಇದನ್ನು ಆಶಾ ಕಾರ್ಯಕರ್ತೆಯರ ಮೇಲೆ ಸುಮ್ನೆ ಹೇರಬೇಡಿ. ಕಲಿಸಿ, ಭೇಟಿಗೆ ತಕ್ಕ ಹಣ ಕೊಡಿ. ಗೌರವಧನದಲ್ಲಿ ದುಡಿಯುವವಳಾಗಿ ಈ ಮಾತು ಹೇಳದೆ ಇರಲಾರೆ.

ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ಮೂರು ಗಾಳಿ ಹಾಸಿಗೆ ಇಡಿ. ಬೇಕಾದವರು ಒಯ್ದು ವಾಪಸ್ ಕೊಡಲಿ. ನಮ್ಮ ಗಾಳಿ ಹಾಸಿಗೆಯನ್ನು ನಾನು ಹಾಗೇ ಕೊಟ್ಟೆ. ಈಗ ಮೂರನೇ ಮನೆಯಲ್ಲಿದೆ. ಡ್ರೆಸ್ಸಿಂಗ್ ಸಾಮಾನು ಅಲ್ಲೇ ಉಚಿತವಾಗಿ ಸಿಗಲಿ.

ಇದು ಆಗದ ಕೆಲಸ ಅಂತ ನಿಮ್ಮ ಅಧಿಕಾರಿಗಳು ಹೇಳಿದರೆ ಪಕ್ಕದ ಕೇರಳ ನೋಡಿ ಎನ್ನುತ್ತೇನೆ. ಅಲ್ಲಿ 2008ರಲ್ಲೇ ಪ್ಯಾಲಿಯೇಟಿವ್ ಕೇರ್ ನೀತಿ ತಂದರು, ಅಂದರೆ ವಾಸಿಯಾಗದ ಕಾಯಿಲೆಯವರ, ಹಾಸಿಗೆ ಹಿಡಿದವರ ನೋವು ತಗ್ಗಿಸಿ ನೋಡಿಕೊಳ್ಳುವ ಆರೈಕೆಯ ನೀತಿ. ಪಂಚಾಯಿತಿ ಮಟ್ಟದಲ್ಲೇ ನರ್ಸ್ ಇದ್ದಾರೆ, ಹಾಸಿಗೆ ಹಿಡಿದವರ ಮನೆಗೆ ಅವರೇ ಹೋಗುತ್ತಾರೆ, ಊರಿನ ಜನ ಜೊತೆಗೆ ನಿಲ್ಲುತ್ತಾರೆ. ನಮ್ಮ ಜನರೂ ನಿಲ್ಲುತ್ತಾರೆ. ಕಲಿಸುವವರು ಬೇಕು, ಅಷ್ಟೇ.

ನಮ್ಮ ಊರಲ್ಲಿ ಈಗ ನಾಲ್ವರು ಹಾಸಿಗೆ ಹಿಡಿದಿದ್ದಾರೆ. ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲದ ಒಬ್ಬ ಹುಡುಗ, ಅವನಿಗೆ 24 ವರ್ಷ. ತೊಡೆ ಮೂಳೆ ಮುರಿದ ಒಬ್ಬ ಅಜ್ಜಿ. ಲಕ್ವದ ಇಬ್ಬರು. ಅಂಗನವಾಡಿ ಮುಗಿಸಿ ಸಂಜೆ ಅವರ ಮನೆಗಳಿಗೆ ಹೋಗಿ ಬರುತ್ತೇನೆ. ಹುಡುಗನ ಎಡ ಹಿಮ್ಮಡಿಯಲ್ಲಿ ಹೋದ ವಾರದಿಂದ ಒಂದು ಕಲೆ ಇದೆ, ಒತ್ತಿದರೂ ಬಣ್ಣ ಬದಲಾಗುತ್ತಿಲ್ಲ. ಮೀನಖಂಡದ ಕೆಳಗೆ ದಿಂಬು ಕೊಟ್ಟಿದ್ದೇವೆ. ನಾನು ನರ್ಸ್ ಅಲ್ಲ, ನನಗೆ ಗೊತ್ತಿರುವುದು ಅಷ್ಟೇ. ನಿಮ್ಮ ಇಲಾಖೆಯ ಯಾರೇ ಬಂದರೂ ಆ ನಾಲ್ಕು ಮನೆಗೂ ನಾನೇ ಕರೆದುಕೊಂಡು ಹೋಗುತ್ತೇನೆ. ಸಂಜೆ ನಾಲ್ಕರ ನಂತರ ಯಾವ ದಿನವಾದರೂ ಸರಿ. ಆ ಹುಡುಗನ ಮನೆಗೆ ಮೊದಲು ಹೋಗೋಣ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಅಂಗನವಾಡಿ ಕಾರ್ಯಕರ್ತೆ